ಕಬ್ಬಿನ ಬಿಲ್ಲು ಬಂದಾಗ ಯಾವ ಫೋನು?

ಹಳೆಯ ಫೋನ್ ಬದಲಿಸುವವರ ಮುಂದೆ ಈಗ ಉಳಿದಿರುವುದು ಎರಡೇ ದಾರಿ: ಗೂಗಲ್‌ನ ಆಂಡ್ರಾಯ್ಡ್, ಇಲ್ಲವೇ ಆ್ಯಪಲ್‌ನ ಐಓಎಸ್. ಬ್ಲ್ಯಾಕ್‌ಬೆರಿಯ ಹಳೆಯ ಸೇವೆಗಳು 2022ರ ಜನವರಿಯಲ್ಲಿ ನಿಂತುಹೋದವು. ಮೈಕ್ರೋಸಾಫ್ಟ್ ಅದಕ್ಕೂ ಮೊದಲೇ ತನ್ನ ವಿಂಡೋಸ್ ಫೋನನ್ನು ಕೈಬಿಟ್ಟಿತ್ತು. ಆಂಡ್ರಾಯ್ಡ್, ಐಓಎಸ್‌ಗಳ ಹೋಲಿಕೆ ಸಾಮಾನ್ಯವಾಗಿ ಕ್ಯಾಮೆರಾ ಮತ್ತು ವೇಗದ ಮಾತಿನಲ್ಲೇ ಮುಗಿಯುತ್ತದೆ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಲೆಕ್ಕ ಬೇರೆ. ಮಹಾರಾಷ್ಟ್ರದ ಗಡಿ, ಮನೆಯಲ್ಲಿ ನಡೆಯುವ ಎರಡು ಭಾಷೆ, ರಿಪೇರಿ ಅಂಗಡಿಯ ದೂರ, ಕಾರ್ಖಾನೆಯಿಂದ ಕಂತಿನಲ್ಲಿ ಬರುವ ಕಬ್ಬಿನ ಬಿಲ್ಲು ಇವೆಲ್ಲ ಸೇರಿ ಇಲ್ಲಿ ಆಯ್ಕೆಯನ್ನು ತೀರ್ಮಾನಿಸುತ್ತವೆ.

ಮೊದಲಿಗೆ ಸಿಮ್. ಗಡಿ ಊರುಗಳಲ್ಲಿ ಕರ್ನಾಟಕದ್ದೊಂದು, ಮಹಾರಾಷ್ಟ್ರದ್ದೊಂದು ನಂಬರ್ ಇಟ್ಟುಕೊಳ್ಳುವುದು ಹಳೆಯ ರೂಢಿ. ರೋಮಿಂಗ್‌ಗೆ ಪ್ರತ್ಯೇಕ ದರವಿದ್ದಾಗ ಅದು ಉಳಿತಾಯದ ಉಪಾಯವಾಗಿತ್ತು. ಆ ದರ ಹೋಯಿತು, ರೂಢಿ ಉಳಿಯಿತು. ಬ್ಯಾಂಕು, ಆಧಾರ್ ಒಂದು ನಂಬರಿಗೆ, ಮಿರಜ-ಕೊಲ್ಹಾಪುರದ ವ್ಯಾಪಾರ ಮತ್ತು ಬೀಗರು ಇನ್ನೊಂದಕ್ಕೆ. ಆಂಡ್ರಾಯ್ಡ್ ಫೋನುಗಳಲ್ಲಿ ಎರಡು ಸಿಮ್ ಕಾರ್ಡ್ ಹಾಕಲು ಜಾಗ ಇದ್ದೇ ಇರುತ್ತದೆ ಎನ್ನಬಹುದು. ಭಾರತದಲ್ಲಿ ಮಾರಾಟವಾಗುವ ಐಫೋನುಗಳಲ್ಲಿ 2018ರಿಂದ ಎರಡು ನಂಬರ್ ನಡೆಯುತ್ತವೆಯಾದರೂ ಒಂದು ಮಾತ್ರ ಕಾರ್ಡು, ಮತ್ತೊಂದು ಇ-ಸಿಮ್. 2025ರ ಐಫೋನ್ ಏರ್‌ನಲ್ಲಂತೂ ಕಾರ್ಡಿಗೆ ಜಾಗವೇ ಇಲ್ಲ. ಇ-ಸಿಮ್ ಕೆಟ್ಟದ್ದೇನಲ್ಲ, ಫೋನ್ ಸತ್ತಾಗ ಮಾತ್ರ ಅದರ ಕಷ್ಟ ಗೊತ್ತಾಗುತ್ತದೆ. 2019ರ ಆಗಸ್ಟ್, 2021ರ ಜುಲೈನಲ್ಲಿ ಬಂದಂಥ ಕೃಷ್ಣೆಯ ಪ್ರವಾಹದಲ್ಲಿ ಫೋನ್ ನೀರು ಕುಡಿದರೆ ಕಾರ್ಡನ್ನು ತೆಗೆದು ಮನೆಯವರ ಫೋನಿಗೆ ಹಾಕಿ ಮಾತಾಡಬಹುದು. ಇ-ಸಿಮ್ಮನ್ನು ಹಾಗೆ ಕಿತ್ತು ತೆಗೆಯಲಾಗದು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ: ನೀರು ತಡೆಯುವ ಗುಣ ಐಫೋನಿಗೆ 2016ರ ಐಫೋನ್ 7ರಿಂದಲೇ ಬಂದಿದೆ, ಅಗ್ಗದ ಆಂಡ್ರಾಯ್ಡ್‌ಗಳಲ್ಲಿ ಅದು ಅಪರೂಪ. ಆದರೂ ನೀರು ಹೊಕ್ಕು ಕೆಟ್ಟರೆ ಆ್ಯಪಲ್‌ನ ವಾರಂಟಿ ನಡೆಯುವುದಿಲ್ಲ.

ಭಾಷೆಯ ವಿಷಯದಲ್ಲಿ ಐಓಎಸ್ ಬಹಳ ಕಾಲ ಹಿಂದಿತ್ತು. 2014ರ ಆಂಡ್ರಾಯ್ಡ್ 5ರಲ್ಲೇ ಇಡೀ ಫೋನನ್ನು ಕನ್ನಡ ಅಥವಾ ಮರಾಠಿಗೆ ತಿರುಗಿಸಿಕೊಳ್ಳಲು ಬರುತ್ತಿತ್ತು. ಐಫೋನಿಗೆ ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಸೆಟ್ಟಿಂಗ್‌ನಿಂದ ಹಿಡಿದು ಎಲ್ಲವೂ ಕನ್ನಡದಲ್ಲಿ, ಮರಾಠಿಯಲ್ಲಿ ಕಾಣತೊಡಗಿದ್ದು 2025ರ ಐಓಎಸ್ 18.4ರಿಂದ. ಈಗ ಅಂತರ ಬಹುಮಟ್ಟಿಗೆ ಮುಚ್ಚಿದೆ. ಕನ್ನಡ ಬಾರದ ಫೋನು ಎಂಬ ಕಾರಣಕ್ಕೆ ಐಫೋನ್ ಬಿಡಬೇಕಾದ ಕಾಲ ಮುಗಿದಿದೆ. ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ಮಾತ್ರ ಎಲ್ಲಿಯೂ ‘ಹೋಗ್ಯಾನ’, ‘ಬರ್ತೀನ್ರಿ’ಗಳಿಗೆ ಪೂರ್ತಿ ಒಗ್ಗಿಲ್ಲ. ಬಹುಶಃ ಅದಕ್ಕೇ ಇಲ್ಲಿನವರು ಟೈಪ್ ಮಾಡುವುದು ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಯನ್ನೇ ಕಳಿಸುತ್ತಾರೆ.

ರಿಪೇರಿಯಲ್ಲಿ ಅಂತರ ಈಗಲೂ ದೊಡ್ಡದು. ಆಂಡ್ರಾಯ್ಡ್ ಫೋನಿನ ಡಿಸ್ಪ್ಲೇ ಒಡೆದರೆ ತಾಲ್ಲೂಕಿನ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲೇ, ಸಂತೆ ಮುಗಿಸಿ ಬರುವಷ್ಟರಲ್ಲಿ, ಬದಲಿಸಿ ಕೊಡುತ್ತಾರೆ. ಹಾಕುವುದು ಅಸಲಿ ಮಾಲೇ ಎಂಬುದು ಬೇರೆ ಪ್ರಶ್ನೆ. ಅದೇ ಅಂಗಡಿಯವನು ಐಫೋನ್ ಬಿಚ್ಚಬಲ್ಲ. ಆದರೆ ಹೊರಗಿನ ಬ್ಯಾಟರಿ ಅಥವಾ ಡಿಸ್ಪ್ಲೇ ಹಾಕಿದರೆ ಇತ್ತೀಚಿನ ಐಫೋನುಗಳು ಬಿಡಿಭಾಗ ಗುರುತಿಲ್ಲದ್ದು ಎಂದು ಸೆಟ್ಟಿಂಗ್‌ನಲ್ಲಿ ತೋರಿಸುತ್ತವೆ. ಮುಂದೆ ಮಾರಲು ಹೋದಾಗ ಬೆಲೆ ಇಳಿಯುವುದು ಅಲ್ಲಿಯೇ. ಹೀಗಾಗಿ ಅಸಲಿ ಭಾಗ ಬೇಕೆಂದರೆ ಬೆಳಗಾವಿಗೋ ಕೊಲ್ಹಾಪುರಕ್ಕೋ ಒಂದು ದಿನ ಮುರಿಯಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಐಫೋನ್ ತಯಾರಾಗುತ್ತಿದ್ದರೂ ಅಥಣಿಯವರಿಗೆ ಅದರಿಂದ ರಿಪೇರಿ ಹತ್ತಿರವಾಗಿಲ್ಲ.

ಕೆಲಸದ ಸ್ವರೂಪವೂ ಒಂದು ಕಡೆ ಎಳೆಯುತ್ತದೆ. 2020ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರ ಏರಿಸುವಂತೆ ರಾಜ್ಯ ಸರ್ಕಾರ ತಂದ ಬೆಳೆ ಸಮೀಕ್ಷೆಯ ಆ್ಯಪ್ ಆಂಡ್ರಾಯ್ಡ್‌ಗೆಂದೇ ಮಾಡಿದ್ದು. ಹಳ್ಳಿಯಲ್ಲಿ ಕುಳಿತು ಬೆರಳಚ್ಚು ಪಡೆದು ಹಣ ಕೊಡುವ ಬ್ಯಾಂಕ್ ಮಿತ್ರರು ಬೆರಳಚ್ಚಿನ ಯಂತ್ರವನ್ನು ಕೇಬಲ್‌ನಿಂದ ಜೋಡಿಸುವುದೂ ಆಂಡ್ರಾಯ್ಡ್ ಫೋನಿಗೇ. ಮದುವೆಯ ವಿಡಿಯೊ ಮಾಡುವವರು, ನಿಪ್ಪಾಣಿಯ ಬಟ್ಟೆ ಅಂಗಡಿಗೋ ಅಥಣಿಯ ಚಪ್ಪಲಿಗೋ ರೀಲ್ಸ್ ಹಾಕುವವರು ಐಫೋನ್ ಬಯಸುವುದರಲ್ಲಿ ಅರ್ಥವಿದೆ. ಅವರಿಗೆ ಫೋನು ದುಡಿಮೆಯ ಬಂಡವಾಳ.

ಇನ್ನು ದುಡ್ಡು. ಬೆಲೆಯನ್ನು ಫೋನ್ ಸುರಕ್ಷಿತವಾಗಿ ನಡೆಯುವ ವರ್ಷಗಳಿಂದ ಭಾಗಿಸಿದರೆ ವಾದ ಬೇರೆ ದಾರಿ ಹಿಡಿಯುತ್ತದೆ. 2018ರ ಐಫೋನ್ ಎಕ್ಸ್‌ಆರ್‌ಗೆ 2024ರ ಐಓಎಸ್ 18ರವರೆಗೂ ಹೊಸ ಆವೃತ್ತಿ ಸಿಕ್ಕಿತು. 2025ರ ಐಓಎಸ್ 26 ಸಿಗಲಿಲ್ಲ. ಇಷ್ಟು ಆಯುಸ್ಸು ಆಗ ಆಂಡ್ರಾಯ್ಡ್ ಲೋಕದಲ್ಲಿ ಇರಲಿಲ್ಲ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24ಕ್ಕೆ ಏಳು ವರ್ಷದ ಭರವಸೆ ಕೊಟ್ಟವು. ಇನ್ನೂ ಮುಖ್ಯವಾದದ್ದು, ಇಪ್ಪತ್ತು ಸಾವಿರದೊಳಗೆ ಬಂದ ಗ್ಯಾಲಕ್ಸಿ ಎ16 5ಜಿಗೂ ಆರು ವರ್ಷದ ಭರವಸೆ ಸಿಕ್ಕಿತು. 70,000 ರೂಪಾಯಿಯ ಫೋನ್ ಏಳು ವರ್ಷ ನಡೆದರೆ ವರ್ಷಕ್ಕೆ 10,000. 15,000ದ್ದು ಮೂರೇ ವರ್ಷಕ್ಕೆ ಮೂಲೆ ಸೇರಿದರೆ 5,000. 19,000ದ್ದು ಆರು ವರ್ಷ ಬಾಳಿದರೆ ಸುಮಾರು 3,200. ಆದ್ದರಿಂದ ಒಂದೇ ಫೋನಿನಲ್ಲಿ ಬ್ಯಾಂಕು, ಮಕ್ಕಳ ಪಾಠ, ಕಾರ್ಖಾನೆಯ ಸಂದೇಶ ಎಲ್ಲವೂ ನಡೆಯುವ ಮನೆಗೆ ಅಪ್‌ಡೇಟ್‌ನ ವರ್ಷ ನೋಡಿ ಕೊಂಡ ಮಧ್ಯಮ ಬೆಲೆಯ ಆಂಡ್ರಾಯ್ಡೇ ಸರಿ. ಡಬ್ಬಿಯ ಮೇಲೆ ಮೆಗಾಪಿಕ್ಸೆಲ್ ದಪ್ಪಕ್ಷರದಲ್ಲಿರುತ್ತದೆ, ಅಪ್‌ಡೇಟ್‌ನ ವರ್ಷ ಮಾತ್ರ ಕೇಳಿ ತಿಳಿಯಬೇಕು.

ಆಂಡ್ರಾಯ್ಡ್ ಅಂದರೆ ಪೂರ್ಣ ಸ್ವಾತಂತ್ರ್ಯ ಎಂಬ ಭ್ರಮೆಯೂ ಬೇಡ. ಭಾರತದ ಸ್ಪರ್ಧಾ ಆಯೋಗ ಈ ಮಾರುಕಟ್ಟೆಯಲ್ಲಿ ಪ್ರಾಬಲ್ಯವನ್ನು ದುರುಪಯೋಗಪಡಿಸಿಕೊಂಡದ್ದಕ್ಕೆ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತ್ತು. ಯಜಮಾನಿಕೆ ಎರಡೂ ಕಡೆ ಇದೆ.

ಎಲ್ಲಕ್ಕಿಂತ ಎಡವಟ್ಟಿನ ಆಯ್ಕೆ ಪುಣೆ, ಕೊಲ್ಹಾಪುರದಿಂದ ಅಗ್ಗಕ್ಕೆ ಬರುವ ತೀರ ಹಳೆಯ ಐಫೋನು. ಅದರಲ್ಲಿ ಅಪ್‌ಡೇಟ್‌ನ ಆಯುಸ್ಸು ತೀರುತ್ತ ಬಂದಿರುತ್ತದೆ, ಬ್ಯಾಟರಿ ಸೋತಿರುತ್ತದೆ. ಕೊಳ್ಳಲೇಬೇಕೆಂದರೆ ಹಿಂದಿನ ಮಾಲೀಕ ತನ್ನ ಆ್ಯಪಲ್ ಖಾತೆಯನ್ನು ಎದುರಿನಲ್ಲೇ ತೆಗೆಯಬೇಕು. ಇಲ್ಲವಾದರೆ ರೀಸೆಟ್ ಆದ ಮೇಲೆ ಅದು ತೆರೆಯುವುದೇ ಇಲ್ಲ. ಕದ್ದ ಮಾಲೇ ಎಂದು ನೋಡಲು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಜಾಗ ಬಿಟ್ಟು ಐಎಂಇಐ ಸಂಖ್ಯೆ ಬರೆದು 14422ಕ್ಕೆ ಎಸ್ಎಂಎಸ್ ಕಳಿಸಿದರೆ ಉತ್ತರ ಬರುತ್ತದೆ. ಒಂದು ವೇದಿಕೆಯಿಂದ ಇನ್ನೊಂದಕ್ಕೆ ದಾಟುವವರು ವಾಟ್ಸ್‌ಆ್ಯಪ್ ಮಾತುಕತೆಯನ್ನೂ ಒಯ್ಯಬಹುದು. ಆಂಡ್ರಾಯ್ಡ್‌ನಿಂದ ಐಫೋನಿಗೆ ಈ ಸೌಲಭ್ಯ 2022ರಿಂದ ಇದೆ. ಯುಪಿಐ ಮಾತ್ರ ಹೊಸ ಫೋನಿನಲ್ಲಿ ಮತ್ತೆ ನೋಂದಣಿಯಾಗಬೇಕು, ಬ್ಯಾಂಕಿಗೆ ಕೊಟ್ಟ ಸಿಮ್ ಅದರಲ್ಲೇ ಇರಬೇಕು. ಇಷ್ಟೆಲ್ಲ ಆದಮೇಲೆಯೇ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡುವುದು ಕ್ರಮ.