ಅಂಗದಾನ: ಮೌನವು ಕೃತಜ್ಞತೆಯಾಗದು

ದಾನವನ್ನು ಕುರಿತು ಜೈನಾಚಾರ್ಯರು ಬಹು ಸೂಕ್ಷ್ಮವಾಗಿ ಚಿಂತಿಸಿದ್ದಾರೆ. ಕೊಡುವ ವಿಧಿ ಯಾವುದು, ಕೊಡುವ ದ್ರವ್ಯ ಎಂತಹದು, ದಾತೃವಿನ ಮನೋಭಾವ ಹೇಗಿರಬೇಕು, ಪಾತ್ರನ ಯೋಗ್ಯತೆ ಏನು ಎಂಬ ನಾಲ್ಕು ವಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವೇ ಎತ್ತಿದೆ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳ ಹೆಸರನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಆದರೆ ದಾನವನ್ನು ಪಡೆದವನ ಕರ್ತವ್ಯವೇನು ಎಂದು ಕೇಳುವವರು ವಿರಳ. ಅನ್ನವನ್ನು ಪಡೆದವನು ಉಂಡು ಕೈಮುಗಿದರೆ ಸಾಕಾದೀತು. ಮೃತನೊಬ್ಬನ ಹೃದಯವನ್ನೋ ಯಕೃತ್ತನ್ನೋ ಮೂತ್ರಪಿಂಡವನ್ನೋ ಪಡೆದು ಬದುಕಿ ಉಳಿದವನು ಏನು ಮಾಡಿದರೆ ಸಾಕು? ಇಂದು ಅಂಥವರಲ್ಲಿ ಅನೇಕರು ಏನನ್ನೂ ಮಾಡುತ್ತಿಲ್ಲ. ಆ ಮೌನವನ್ನೇ ಸಭ್ಯತೆಯೆಂದು ಸಮಾಜವೂ ಒಪ್ಪಿಕೊಂಡಿದೆ. ಈ ಒಪ್ಪಿಗೆ ಸರಿಯಲ್ಲ.

1994ರ ಸೆಪ್ಟೆಂಬರಿನಲ್ಲಿ ಇಟಲಿಯ ದಕ್ಷಿಣ ಭಾಗದ ಹೆದ್ದಾರಿಯೊಂದರಲ್ಲಿ ಅಮೆರಿಕದ ಒಂದು ಕುಟುಂಬ ರಾತ್ರಿ ಪ್ರಯಾಣ ಮಾಡುತ್ತಿತ್ತು. ದರೋಡೆಕೋರರು ಹಾರಿಸಿದ ಗುಂಡು ಹಿಂದಿನ ಆಸನದಲ್ಲಿ ಮಲಗಿದ್ದ ಏಳು ವರ್ಷದ ನಿಕೊಲಸ್ ಗ್ರೀನ್ ಎಂಬ ಬಾಲಕನ ತಲೆಗೆ ತಗುಲಿತು. ಮೆಸ್ಸೀನಾ ನಗರದ ಆಸ್ಪತ್ರೆಯಲ್ಲಿ ಅವನು ಮೃತನಾದನೆಂದು ವೈದ್ಯರು ತಿಳಿಸಿದಾಗ, ತಂದೆ ರೆಜ್ ಗ್ರೀನ್ ಮತ್ತು ತಾಯಿ ಅವನ ಅಂಗಗಳನ್ನು ದಾನವಾಗಿ ಕೊಟ್ಟರು. ತಮ್ಮ ಮಗನನ್ನು ಕೊಂದ ನಾಡಿನವರಿಗೇ ಕೊಟ್ಟರು. ಏಳು ಮಂದಿ ಇಟಾಲಿಯನ್ನರು ಅವುಗಳ ಪ್ರಯೋಜನ ಪಡೆದರು. ಯಕೃತ್ತನ್ನು ಪಡೆದ ತರುಣಿ ಮುಂದೆ ಮದುವೆಯಾಗಿ ತನ್ನ ಮಗನಿಗೆ ನಿಕೊಲಸ್ ಎಂದೇ ಹೆಸರಿಟ್ಟಳು. ಮುಂದಿನ ವರ್ಷಗಳಲ್ಲಿ ಆ ದೇಶದ ಅಂಗದಾನದ ಪ್ರಮಾಣ ಹಲವು ಪಟ್ಟು ಏರಿತು. ಆ ತಂದೆತಾಯಿಗಳು ಪ್ರಯೋಜನ ಪಡೆದವರನ್ನು ಕಣ್ಣಾರೆ ಕಂಡರು. ಅದರಿಂದ ತಮ್ಮ ದುಃಖ ಅಳಿಯದಿದ್ದರೂ ಅದಕ್ಕೊಂದು ಅರ್ಥ ಬಂದಿತೆಂದು ಭಾವಿಸಿದರು.

ವಿಚಿತ್ರವೆಂದರೆ, 1999ರಲ್ಲಿ ಅದೇ ಇಟಲಿ ಮಾಡಿದ ಕಾನೂನು ಇಂತಹ ಭೇಟಿಗಳ ಬಾಗಿಲನ್ನು ಮುಚ್ಚಿತು. ಉಭಯ ಪಕ್ಷಗಳೂ ಇಚ್ಛಿಸಿದರೆ ಪರಿಚಯಕ್ಕೆ ಅವಕಾಶವಿರಬೇಕೆಂದು ರೆಜ್ ಗ್ರೀನ್ ವೃದ್ಧಾಪ್ಯದಲ್ಲಿಯೂ ಹೋರಾಡಿದರು. 2018ರಲ್ಲಿ ಅಲ್ಲಿನ ರಾಷ್ಟ್ರೀಯ ಜೈವಿಕ ನೀತಿ ಸಮಿತಿಯೂ ಅವರ ವಾದದತ್ತ ಒಲವು ತೋರಿತು. ಮಗನನ್ನು ಕಳೆದುಕೊಂಡ ತಂದೆಯೊಬ್ಬನು ಕೃತಜ್ಞತೆಗೆ ದಾರಿ ಬಿಡಿ ಎಂದು ಸರ್ಕಾರವನ್ನು ಬೇಡಬೇಕಾಯಿತೆಂಬುದನ್ನು ಗಮನಿಸಬೇಕು.

ಭಾರತದ ಸ್ಥಿತಿ ಹೇಗಿದೆ? ಮಾನವ ಅಂಗಾಂಗ ಕಸಿ ಕಾಯಿದೆ ಇಲ್ಲಿಯೂ 1994ರಲ್ಲಿಯೇ ಬಂದಿತು, 2011ರಲ್ಲಿ ತಿದ್ದುಪಡಿಯಾಯಿತು. ಮಿದುಳಿನ ಮರಣವನ್ನು ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಪ್ರಮಾಣೀಕರಿಸಬೇಕು. ಆ ಆರು ಗಂಟೆಗಳನ್ನು ಆಸ್ಪತ್ರೆಯ ಮೊಗಸಾಲೆಯಲ್ಲಿ ಕಳೆಯುವ ತಂದೆತಾಯಿಗಳ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಮಗನ ಎದೆ ಯಂತ್ರದ ಬಲದಿಂದ ಇನ್ನೂ ಏರಿಳಿಯುತ್ತಿರುತ್ತದೆ, ಮೈ ಇನ್ನೂ ಬೆಚ್ಚಗಿರುತ್ತದೆ. ಅಂಥ ಹೊತ್ತಿನಲ್ಲಿ ಅವರು, ಎಂದೂ ಕಾಣದ ಯಾರೋ ಒಬ್ಬನಿಗಾಗಿ ಸಹಿ ಹಾಕುತ್ತಾರೆ. ಹೃದಯವಾದರೆ ಸುಮಾರು ನಾಲ್ಕು ಗಂಟೆಗಳೊಳಗೆ ಇನ್ನೊಂದು ದೇಹದಲ್ಲಿ ಮಿಡಿಯಬೇಕು. 2008ರಲ್ಲಿ ಚೆನ್ನೈ ಸಮೀಪ ಅಪಘಾತಕ್ಕೀಡಾದ ಹಿತೇಂದ್ರನ್ ಎಂಬ ಬಾಲಕನ ಹೃದಯವನ್ನು, ವೈದ್ಯರೇ ಆಗಿದ್ದ ಅವನ ತಂದೆತಾಯಿಗಳು ಕೊಟ್ಟಾಗ, ಅದು ಬೆಂಗಳೂರಿನ ಬಾಲಿಕೆಯೊಬ್ಬಳ ಎದೆಯನ್ನು ಸೇರಿತು. ಕರ್ನಾಟಕದಲ್ಲಿ 2021ರ ಜೂನ್ ತಿಂಗಳಿನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಕುಟುಂಬದವರು ಅದೇ ದಾರಿಯನ್ನು ಹಿಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತು. ಪ್ರಸಿದ್ಧರ ಹೆಸರು ಉಳಿಯುತ್ತದೆ. ಹೆಸರಿಲ್ಲದ ಕೂಲಿಕಾರನ ಮಡದಿ ಕೊಟ್ಟ ದಾನವನ್ನು ನೆನೆಯುವವರು ಯಾರು?

ಮೌನವನ್ನು ಸಮರ್ಥಿಸುವವರು ನಾಲ್ಕು ಮಾತುಗಳನ್ನು ಮುಂದಿಡುತ್ತಾರೆ.

ಮೊದಲನೆಯದು, ನಿಯಮ ಅಡ್ಡ ಬರುತ್ತದೆ ಎಂಬುದು. ಕೊಟ್ಟವರ, ಪಡೆದವರ ಗುರುತನ್ನು ಪರಸ್ಪರರಿಗೆ ತಿಳಿಸದಿರುವ ಪದ್ಧತಿ ಇದೆ. ಅದಕ್ಕೆ ಸಕಾರಣವೂ ಇದೆ. ಆದರೆ ಹೆಸರನ್ನು ಮರೆಮಾಡುವುದು ಬೇರೆ, ಹೃದಯವನ್ನು ಮರೆಮಾಡುವುದು ಬೇರೆ. ಬ್ರಿಟನ್, ಅಮೆರಿಕಗಳಲ್ಲಿ ಹೆಸರು, ವಿಳಾಸಗಳಿಲ್ಲದ ಪತ್ರವನ್ನು ಪಡೆದವರು ಬರೆಯುತ್ತಾರೆ. ಮಧ್ಯವರ್ತಿಗಳು ಓದಿ ನೋಡಿ ಅದನ್ನು ದಾನಿಯ ಕುಟುಂಬಕ್ಕೆ ತಲುಪಿಸುತ್ತಾರೆ. ಭಾರತದಲ್ಲಿಯೂ ಕಸಿ ಸಂಯೋಜಕನಿಲ್ಲದೆ ಯಾವ ಆಸ್ಪತ್ರೆಯೂ ಅಂಗಕಸಿಗೆ ನೋಂದಣಿ ಪಡೆಯುವಂತಿಲ್ಲ ಎಂದು 2011ರ ತಿದ್ದುಪಡಿ ವಿಧಿಸಿದೆ. ಅತ್ಯಂತ ದುಃಖದ ರಾತ್ರಿಯಲ್ಲಿ ಆ ಕುಟುಂಬದ ಮುಂದೆ ಕುಳಿತು ದಾನವನ್ನು ಬೇಡಿದವನು ಆ ಸಂಯೋಜಕನೇ. ಬೇಡಲು ಹೋದ ಕಾಲುಗಳು ವಂದನೆಯನ್ನು ಒಯ್ಯಲು ಏಕೆ ಹೋಗಬಾರದು?

ಎರಡನೆಯದು, ಲಕ್ಷಾಂತರ ರೂಪಾಯಿ ವೆಚ್ಚ ಮಾಡಿದ್ದೇವೆ, ಇನ್ನಾವ ಋಣ ಎಂಬುದು. ಉಳ್ಳವರ ಮನೆಗಳಲ್ಲಿ ಈ ಮಾತು ಸುಲಭವಾಗಿ ಹುಟ್ಟುತ್ತದೆ. ಆ ಹಣ ಶಸ್ತ್ರವೈದ್ಯರಿಗೆ, ಆಸ್ಪತ್ರೆಗೆ, ಔಷಧಕ್ಕೆ ಸಂದಿತು, ಅಂಗಕ್ಕೆ ಸಲ್ಲಲಿಲ್ಲ. ಸಲ್ಲುವಂತೆಯೂ ಇಲ್ಲ, ಏಕೆಂದರೆ ಅಂಗವನ್ನು ಕೊಳ್ಳುವುದೂ ಮಾರುವುದೂ ಐದರಿಂದ ಹತ್ತು ವರ್ಷಗಳ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಎಲ್ಲ ರಸೀದಿಗಳನ್ನೂ ಕೂಡಿಸಿದರೂ ಅದರಲ್ಲಿ ಹೃದಯದ ಬೆಲೆ ಇರುವುದಿಲ್ಲ. ಬೆಲೆಯಿಂದ ತೀರಿಸಲಾಗದ್ದನ್ನು ಬೆಲೆಯಿಂದ ತೀರಿಸಿದೆನೆನ್ನುವ ವ್ಯಾಪಾರಿಯನ್ನು ಯಾವ ಪೇಟೆಯಲ್ಲಿಯೂ ಪ್ರಾಮಾಣಿಕನೆನ್ನುವುದಿಲ್ಲ.

ಮೂರನೆಯದು, ಪರಿಚಯವಾದರೆ ಆ ಕುಟುಂಬದವರು ಹಣ ಕೇಳಿಯಾರು ಎಂಬ ಭಯ. ಲೋಕದಲ್ಲಿ ಹಾಗೆ ನಡೆಯಲಾರದೆಂದಲ್ಲ. ಗೋಪ್ಯತೆಯ ಏರ್ಪಾಡು ಇರುವುದೇ ಅದಕ್ಕಾಗಿ. ಆದರೆ ಅತಿ ದೊಡ್ಡ ವಸ್ತುವನ್ನು ಬಿಡಿಕಾಸೂ ಕೇಳದೆ ಕೊಟ್ಟವರು ಮುಂದೆ ಸಣ್ಣದನ್ನು ಕೇಳಲು ಬಂದಾರೆಂದು ಶಂಕಿಸುವುದು ದಾತೃವಿಗೆ ಮಾಡುವ ಅವಮಾನ. ಹೆಸರಿಲ್ಲದ ಪತ್ರವೊಂದಕ್ಕೆ ಈ ಭಯ ಅನ್ವಯಿಸುವುದೂ ಇಲ್ಲ.

ನಾಲ್ಕನೆಯದು ಮಾತ್ರ ಮರುಕಕ್ಕೆ ಅರ್ಹವಾದದ್ದು. ನನ್ನ ಬದುಕಿಗಾಗಿ ಇನ್ನೊಬ್ಬನು ಸತ್ತನಲ್ಲ, ಅವನ ತಾಯಿಗೆ ಏನೆಂದು ಬರೆಯಲಿ ಎಂದು ಅನೇಕರು ನಿಜವಾಗಿಯೂ ಕೊರಗುತ್ತಾರೆ. ಅವರಿಗೆ ಯಾರಾದರೂ ಬಿಡಿಸಿ ಹೇಳಬೇಕು: ಯಾರೂ ಅವರಿಗಾಗಿ ಸಾಯಲಿಲ್ಲ. ಮರಣ ಮೊದಲು ಬಂದಿತು, ದಾನ ಆಮೇಲೆ ಬಂದಿತು. ಒಂದಕ್ಕೆ ಅಪಘಾತ ಕಾರಣ, ಇನ್ನೊಂದಕ್ಕೆ ಕರುಣೆ ಕಾರಣ. ಕರುಣೆಗೆ ಉತ್ತರ ಬರೆಯಲು ಪಾಂಡಿತ್ಯ ಬೇಡ. 'ಮಗಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ, ನಿಮ್ಮನ್ನು ದಿನವೂ ನೆನೆಯುತ್ತೇವೆ' ಎಂಬ ಎರಡು ಸಾಲು ಸಾಕು. ಆ ಕುಟುಂಬದವರಿಗೆ ಪತ್ರ ಬೇಡವಾಗಿದ್ದರೆ ಸಂಯೋಜಕನು ಅದನ್ನು ತಡೆದಿರಿಸಲಿ. ಬರೆಯುವುದು ಪಡೆದವನ ಧರ್ಮ. ಓದುವುದು, ಬಿಡುವುದು ಕೊಟ್ಟವರ ಇಚ್ಛೆ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಪಕ್ಷದ ಮಿತಿಯನ್ನೂ ಹೇಳಲೇಬೇಕು. ಕೃತಜ್ಞತೆ ಸಲ್ಲತಕ್ಕದ್ದು, ಆದರೆ ವಸೂಲು ಮಾಡತಕ್ಕದ್ದಲ್ಲ. ಮಗನ ಹೃದಯವನ್ನು ಪಡೆದವನು ಯಾವ ಜಾತಿಯವನು, ಏನನ್ನು ತಿನ್ನುತ್ತಾನೆ, ಯಾವ ದೇವರಿಗೆ ಕೈಮುಗಿಯುತ್ತಾನೆ ಎಂದು ವಿಚಾರಿಸುವ ಹಕ್ಕು ಕೊಟ್ಟವರಿಗಿಲ್ಲ. ಸುಪಾತ್ರ, ಕುಪಾತ್ರಗಳ ವಿವೇಚನೆ ಭಕ್ತಿಯಿಂದ ಕೊಡುವ ದಾನಕ್ಕೆ ಸಂಬಂಧಿಸಿದ್ದು. ಕರುಣಾದಾನದಲ್ಲಿ ಬಳಲುವ ಜೀವಿಯೇ ಪಾತ್ರ. 'ನನ್ನ ಮಗ ಅವನಲ್ಲಿ ಬದುಕಿದ್ದಾನೆ' ಎಂಬ ತಾಯಿಯ ಮಾತನ್ನು ಕೇಳಿ ಯಾರ ಕಣ್ಣೂ ಒದ್ದೆಯಾದೀತು. ಆದರೂ ಜೀವ ತನ್ನ ಕರ್ಮವನ್ನು ಕಟ್ಟಿಕೊಂಡು ತನ್ನ ದಾರಿಯಲ್ಲಿ ಹೋಗಿದೆ, ಉಳಿದು ಇನ್ನೊಬ್ಬನಿಗೆ ನೆರವಾದದ್ದು ಪುದ್ಗಲ ಎಂಬುದು ಸಿದ್ಧಾಂತ. ಈ ಅರಿವು ನಿಷ್ಠುರವಾಗಿ ಕಂಡರೂ ಅದರಲ್ಲಿ ಸಾಂತ್ವನವಿದೆ. ಕಸಿ ಮಾಡಿದ ಅಂಗ ಕೆಲವು ವರ್ಷಗಳ ಮೇಲೆ ಸೋತರೆ ಆ ತಾಯಿ ಮಗನನ್ನು ಎರಡನೆಯ ಬಾರಿ ಕಳೆದುಕೊಂಡಂತೆ ಆಗುವುದಿಲ್ಲ. ಆಕೆ ಕೊಟ್ಟ ದಾನವೂ ವ್ಯರ್ಥವಾಗುವುದಿಲ್ಲ. ಕೊಟ್ಟ ಕ್ಷಣದಲ್ಲಿಯೇ ಅದು ಪೂರ್ಣವಾಗಿದೆ.

ಪಡೆದವನ ಪಾಲಿಗೆ ಕೃತಜ್ಞತೆ ಪತ್ರದೊಂದಿಗೆ ಮುಗಿಯುವುದೂ ಇಲ್ಲ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧವನ್ನು ಅವನು ಬದುಕಿರುವಷ್ಟು ಕಾಲ, ಒಂದು ಹೊತ್ತೂ ತಪ್ಪದೆ, ಸೇವಿಸಬೇಕು. ಆರೋಗ್ಯ ಮರಳಿತೆಂದು ಔಷಧವನ್ನು ಅಲಕ್ಷಿಸುವವನು, ಕುಡಿತ ತಂಬಾಕುಗಳಿಗೆ ಹಿಂದಿರುಗುವವನು ತನ್ನ ಸೊತ್ತನ್ನಷ್ಟೇ ಹಾಳುಮಾಡಿಕೊಳ್ಳುತ್ತಿಲ್ಲ. ನಂಬಿ ಕೊಟ್ಟ ನಿಕ್ಷೇಪವನ್ನು ಕೆಡಿಸುತ್ತಿದ್ದಾನೆ.

ಮನೆಯೊಳಗಿನ ಮೌನ ಇದಕ್ಕಿಂತಲೂ ಕಠೋರ. ಈ ದೇಶದಲ್ಲಿ ಹೆಚ್ಚಿನ ಮೂತ್ರಪಿಂಡಗಳು ಬರುವುದು ಜೀವಂತ ಬಂಧುಗಳಿಂದ. ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು, ಮಡದಿಯರು, ಅಕ್ಕತಂಗಿಯರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಪತಿಗೆ ಮೂತ್ರಪಿಂಡವನ್ನಿತ್ತ ಗೃಹಿಣಿ ವಾರಗಳು ಕಳೆಯುವುದರೊಳಗೆ ಮತ್ತೆ ಒಲೆಯ ಮುಂದೆ ನಿಲ್ಲುತ್ತಾಳೆ. ಬಂದವರೆಲ್ಲರೂ ಪತಿಯ ಆರೋಗ್ಯವನ್ನು ವಿಚಾರಿಸುತ್ತಾರೆ. ಆಕೆಯ ಒಡಲಿನ ಗಾಯ ಮಾಗಿತೇ ಎಂದು ಕೇಳುವವರಿಲ್ಲ; ಆಕೆ ಮಾಡಿದ್ದು ಕರ್ತವ್ಯವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿರುತ್ತಾರೆ. ಅಪರಿಚಿತರಿಗೆ ಪತ್ರ ಬರೆಯಲು ಕಲಿಯುವ ಮೊದಲು ಮನೆಯಲ್ಲಿರುವ ದಾತೃವಿಗೆ ಬಾಯಿ ತೆರೆದು ಒಂದು ಮಾತು ಹೇಳಲು ಗಂಡಸರು ಕಲಿಯಲಿ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ. ಒಂದು ಬೀಸಣಿಗೆಯನ್ನೋ ಬೆಂಚನ್ನೋ ಕೊಟ್ಟವನ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಮಂಡಳಿಗಳು, ಅಂಗದಾನ ಮಾಡಿದ ಶ್ರಾವಕ ಕುಟುಂಬದತ್ತ ತಿರುಗಿಯೂ ನೋಡದಿರುವುದು ಸೋಜಿಗ. ಹಾಗೆಂದು ವೇದಿಕೆಗೆ ಕರೆದು, ಶಾಲು ಹೊದಿಸಿ, ತಾಯಿಯ ಕಣ್ಣೀರನ್ನು ಛಾಯಾಚಿತ್ರ ತೆಗೆಸುವುದು ಸನ್ಮಾನವಲ್ಲ. ಅದು ಇನ್ನೊಂದು ಬಗೆಯ ಸುಲಿಗೆ. ಅಪಘಾತದ ಪ್ರಕರಣಗಳಲ್ಲಿ ಮಹಜರು, ಶವಪರೀಕ್ಷೆಗಳಿಂದಾಗಿ ದೇಹ ಮನೆಗೆ ಬರುವುದು ತಡವಾಗುತ್ತದೆ. ಆ ಹೊತ್ತಿನಲ್ಲಿ ಇಬ್ಬರು ಹಿರಿಯರು ಆಸ್ಪತ್ರೆಯ ಬಾಗಿಲಲ್ಲಿ ಜೊತೆಗೆ ನಿಲ್ಲಲಿ. ವಾಹನದ, ಅಂತ್ಯಸಂಸ್ಕಾರದ ಹೊಣೆಯನ್ನು ಮಂಡಳಿ ಹೊರಲಿ. ವರ್ಷ ತುಂಬಿದ ದಿನ ಆ ಮನೆಗೆ ಹೋಗಿ ಕುಳಿತು ಬರಲಿ. ತಮಿಳುನಾಡು ಸರ್ಕಾರ 2023ರಲ್ಲಿ ಅಂಗದಾನಿಗಳ ಅಂತ್ಯಸಂಸ್ಕಾರಕ್ಕೆ ಸರ್ಕಾರಿ ಗೌರವವನ್ನು ಘೋಷಿಸಿತು. ಸರ್ಕಾರಕ್ಕೆ ತೋಚಿದ್ದು ದಾನಧರ್ಮವನ್ನೇ ಉಸಿರಾಡುವೆವೆನ್ನುವ ಸಮಾಜಕ್ಕೆ ತೋಚದಿರಬೇಕೆ?

ಜೀವಿಗಳು ಒಂದಕ್ಕೊಂದು ಉಪಕಾರಿಗಳೆಂಬ ಸೂತ್ರವನ್ನು ಬಾವುಟಗಳ ಮೇಲೆ, ಆಮಂತ್ರಣ ಪತ್ರಿಕೆಗಳ ಮೇಲೆ ಅಚ್ಚು ಹಾಕಿಸುವುದು ಸುಲಭ. ಆ ಉಪಕಾರ ಪರಸ್ಪರವಾದದ್ದು ಎಂಬುದನ್ನು ಮರೆಯಬಾರದು. ಒಂದು ಮನೆ ತನ್ನ ಕತ್ತಲೆಯ ರಾತ್ರಿಯಲ್ಲಿ ಇನ್ನೊಂದು ಮನೆಗೆ ದೀಪವನ್ನು ಕಳುಹಿಸಿತು. ದೀಪ ಬಂದು ತಲುಪಿತು, ಇನ್ನೂ ಉರಿಯುತ್ತಿದೆ ಎಂಬ ಸುದ್ದಿಯನ್ನಾದರೂ ಆ ಮನೆಗೆ ಹಿಂದಿರುಗಿಸುವುದು ಮನುಷ್ಯಮಾತ್ರರ ಕರ್ತವ್ಯ.