ಹಿಗ್ಗಿದ ನೆಲವೋ, ಹುಟ್ಟಿದ ಕಡಲೋ

ಅಥಣಿ, ರಾಯಬಾಗ, ಕಾಗವಾಡದ ಕಡೆ ಬಾವಿ ತೋಡಿಸಿದವರಿಗೆ ನೆಲದ ಪದರುಗಳು ಬಾಯಿಪಾಠ. ಮೇಲೆ ಎರಿಮಣ್ಣು, ಅದರಡಿ ಗರಸು, ಅದರಡಿ ಸುತ್ತಿಗೆಗೆ ಬಗ್ಗದ ಕರಿಕಲ್ಲು. ನಿಪ್ಪಾಣಿಯ ತಂಬಾಕು, ಚಿಕ್ಕೋಡಿಯ ಕಬ್ಬು ಬೆಳೆಯುವ ಕಪ್ಪು ಮಣ್ಣು ಈ ಕಲ್ಲು ಸವೆದು ಆದದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿದ ಲಾವಾ ತಣಿದು ಆದ ದಖನ್ ಬಸಾಲ್ಟ್ ಇದು. ಈಗಲೂ ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿರುವ ಆ ಹಾಸಿನ ದಕ್ಷಿಣ ಅಂಚಿನ ಹತ್ತಿರ ಈ ಐದು ತಾಲೂಕುಗಳಿವೆ.

ಭಾರತದ ಪಶ್ಚಿಮ ಅಂಚು ಒಡೆದು ಅರಬ್ಬಿ ಸಮುದ್ರ ಅಗಲವಾದದ್ದೂ ಆ ಕಾಲದ ಆಸುಪಾಸಿನಲ್ಲೇ. ಅದಕ್ಕೂ ಮೊದಲು, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಯಿತು. ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಅದರ ಗುರುತು. ಬಳಿಕ, ಸುಮಾರು 6.3 ಕೋಟಿ ವರ್ಷಗಳ ಹಿಂದೆ, ಸೀಶೆಲ್ಸ್ ದೂರ ಸರಿಯಿತು. ಈ ಎರಡು ಒಡಕುಗಳ ನಡುವೆ ಸಿಕ್ಕಿಕೊಂಡದ್ದು ಲಕ್ಷ್ಮಿ ಬೇಸಿನ್ ಎಂಬ ಕಡಲತಳದ ತಗ್ಗು. ಅದರ ಆಚೆ ಲಕ್ಷ್ಮಿ ರಿಡ್ಜ್ ಎಂಬ ಮುಳುಗಿದ ದಿಬ್ಬವಿದೆ. ಅದು ಭಾರತದಿಂದ ಕಿತ್ತುಹೋದ ಖಂಡದ ಚೂರು ಎಂಬುದನ್ನು ಬಹುಪಾಲು ತಜ್ಞರು ಒಪ್ಪುತ್ತಾರೆ. ತಕರಾರಿರುವುದು ನಡುವಿನ ತಗ್ಗಿನ ಬಗ್ಗೆ. ನಾದಿದ ಕಣಕವನ್ನು ಎರಡೂ ಕಡೆ ಎಳೆದರೆ ಮೊದಲು ತೆಳುವಾಗುತ್ತದೆ, ಆಮೇಲೆ ಹರಿಯುತ್ತದೆ. ಇಲ್ಲಿ ಖಂಡ ತೆಳುವಾಗಿ ನಿಂತಿತೋ, ಹರಿದು ನಡುವೆ ಹೊಸ ಕಡಲತಳ ಹುಟ್ಟಿತೋ?

ಹರಿಯಿತು ಎನ್ನುವವರ ಮುಖ್ಯ ಆಧಾರ ಕಾಂತೀಯ ಪಟ್ಟೆಗಳು. ಲಾವಾ ತಣಿಯುವಾಗ ಆ ಹೊತ್ತಿನ ಭೂಕಾಂತದ ದಿಕ್ಕು ಅದರಲ್ಲಿ ಅಚ್ಚಾಗುತ್ತದೆ. ಭೂಕಾಂತ ಆಗಾಗ ಉತ್ತರ ದಕ್ಷಿಣ ಅದಲುಬದಲಾಗುವುದರಿಂದ, ಬಿರುಕಿನ ಎರಡೂ ಪಕ್ಕ ಸರಿಯುತ್ತ ಹೋದ ಹೊಸ ತಳದಲ್ಲಿ ಒಂದಕ್ಕೊಂದು ಹೋಲುವ ಪಟ್ಟೆಗಳು ಮೂಡುತ್ತವೆ. ಅಂಥ ಜೋಡಿ ಪಟ್ಟೆಗಳನ್ನು ಲಕ್ಷ್ಮಿ ಬೇಸಿನ್‌ನಲ್ಲಿ ಗುರುತಿಸಿ 1994ರಲ್ಲಿ ಪ್ರಕಟಿಸಿದವರು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಜಿ.ಸಿ. ಭಟ್ಟಾಚಾರ್ಯ ಮತ್ತು ಸಂಗಡಿಗರು. ತಗ್ಗಿನ ನಡುವೆ ಸಾಲಾಗಿ ನಿಂತಿರುವ ರಾಮನ್, ಪಣಿಕ್ಕರ್, ವಾಡಿಯಾ ಹೆಸರಿನ ಕಡಲಡಿಯ ಬೆಟ್ಟಗಳನ್ನೂ ಇವರ ಪಕ್ಷ ಸಾಕ್ಷಿಗೆ ಕರೆಯುತ್ತದೆ: ಆರಿಹೋದ ಬಿರುಕಿನ ಗೆರೆ ಅದೇ ಎಂದು.

ಹಿಗ್ಗಿತಷ್ಟೇ ಎನ್ನುವ ವಾದ ಇದಕ್ಕಿಂತ ಹಳೆಯದು. 1980ರ ದಶಕದ ಆರಂಭದಲ್ಲೇ ನೈನಿ ಮತ್ತು ತಲ್ವಾನಿ ಇದನ್ನು ತೆಳುವಾದ ಖಂಡವೆಂದಿದ್ದರು. ಗೋವಾದ ಅದೇ ಸಂಸ್ಥೆಯ ಕೆ.ಎಸ್. ಕೃಷ್ಣ ಮತ್ತು ಜೊತೆಗಾರರು 2006ರಲ್ಲಿ ಅದನ್ನು ಮತ್ತೆ ಎತ್ತಿಹಿಡಿದರು. ಒಂದೇ ಸೂರಿನಡಿ ಎರಡೂ ಮತಗಳು ಬೆಳೆದದ್ದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಹಿಗ್ಗಿತಷ್ಟೇ ಎನ್ನುವವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ತಗ್ಗು ಕಿರಿದು, ಪಟ್ಟೆಗಳು ಕೆಲವೇ, ಖಂಡದ ಬಿರುಕುಗಳಿಗೆ ಲಾವಾ ನುಗ್ಗಿ ಗಟ್ಟಿಯಾದರೂ ಅಂಥ ಪಟ್ಟೆ ಕಾಣಬಾರದೇಕೆ?

2015ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಸಂಶೋಧನಾ ಹಡಗು ಇದೇ ತಗ್ಗಿನಲ್ಲಿ, ಕರಾವಳಿಯಿಂದ ಸುಮಾರು 500 ಕಿ.ಮೀ. ದೂರದಲ್ಲಿ, ಮೂರೂವರೆ ಕಿ.ಮೀ. ನೀರಿನಡಿ ತಳ ಕೊರೆಯಿತು. ಸುಮಾರು 1,090 ಮೀಟರ್ ಮಡ್ಡು ದಾಟಿದ ಮೇಲೆ ಸಿಕ್ಕಿದ್ದು ಬಸಾಲ್ಟ್. ಕಡಲತಳದ ಪಕ್ಷಕ್ಕೆ ಇದು ಗೆಲುವು ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ಆದರೆ ಕೃಷ್ಣಾ ತೀರದವರು ಇಲ್ಲಿ ತಡೆದು ಕೇಳಬೇಕು. ನಮ್ಮ ಬಾವಿಯಲ್ಲೂ ಬಸಾಲ್ಟ್ ಇದೆ, ನಾವು ಕಡಲತಳದ ಮೇಲೆ ಕೂತಿಲ್ಲವಲ್ಲ! ನದಿಯ ಮೇಲ್ಭಾಗದ ಕಡೆ, ಕೊಯ್ನಾದಲ್ಲಿ, ಭೂಕಂಪದ ಅಧ್ಯಯನಕ್ಕೆಂದು ಕೊರೆದಾಗ ಸುಮಾರು 930 ಮೀಟರ್ ಬಸಾಲ್ಟ್ ಮುಗಿದು, ಅಡಿಯಲ್ಲಿ ಖಂಡದ ಹಳೆಯ ಗ್ರಾನೈಟ್ ಸಿಕ್ಕಿತು. ಲಕ್ಷ್ಮಿ ಬೇಸಿನ್‌ನಲ್ಲಿ ಗಟ್ಟಿ ಕಲ್ಲಿನೊಳಕ್ಕೆ ಹೋದ ಆಳ ಸುಮಾರು 16 ಮೀಟರ್ ಮಾತ್ರ. ಆ ಕಲ್ಲಿನ ರಸಾಯನವೂ ಸರಳವಾಗಿಲ್ಲ. ಒಂದು ಭೂಫಲಕ ಇನ್ನೊಂದರಡಿ ನುಸುಳತೊಡಗುವ ಕಡೆ ಹುಟ್ಟುವ ಲಾವಾದ ಛಾಯೆ ಅದರಲ್ಲಿದೆ ಎಂದು 2019ರಲ್ಲಿ ಕೆಲವರು ಬರೆದು ಮೂರನೆಯ ದಾರಿಯನ್ನೂ ತೆರೆದರು.

ಇದು ಬರೀ ಪಂಡಿತರ ಜಗಳವಲ್ಲ. ಖಂಡದ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಹೆಚ್ಚು. ಅವು ಹುಟ್ಟಿಸುವ ಶಾಖ ಮೇಲಿನ ಮಡ್ಡಿನಲ್ಲಿ ತೈಲ ಪಕ್ವವಾಗಲು ನೆರವಾಗುತ್ತದೆ. ತಳ ಯಾವುದೆಂದು ತಿಳಿಯದೆ ಅಲ್ಲಿ ತೈಲ ಹುಡುಕುವುದು ಕುರುಡು ಕೆಲಸ. ಅರಬ್ಬಿ ಸಮುದ್ರಕ್ಕೆ ಸುಮಾರು 64 ಕಿ.ಮೀ. ಹತ್ತಿರ, ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹರಿಯುವುದಕ್ಕೂ ಒಡೆದ ಅಂಚು ಎತ್ತರಕ್ಕೆ ಎದ್ದದ್ದೇ ಕಾರಣವೆಂದು ಅನೇಕ ಭೂವಿಜ್ಞಾನಿಗಳು ಹೇಳುತ್ತಾರೆ. ಆ ಒಡಕಿನ ಕಥೆ ನಮ್ಮ ನೀರಿನ ಕಥೆಯೂ ಹೌದು.

ನನ್ನ ಒಲವು, ಸ್ವಲ್ಪವೇ ಆದರೂ, ಹರಿಯಿತು ಎನ್ನುವವರ ಕಡೆಗಿದೆ. ಜೋಡಿ ಪಟ್ಟೆ, ನಡುಗೆರೆಯ ಬೆಟ್ಟಸಾಲು ಎರಡೂ ಒಟ್ಟಿಗೆ ಆಕಸ್ಮಿಕವಾಗಿ ಒದಗುವುದು ಕಷ್ಟ. ಅಂಚುಗಳಲ್ಲಿ ಹಿಗ್ಗಿದ ಖಂಡ, ನಡುವೆ ಕಿರಿದಾದ ಹೊಸ ತಳ ಎಂಬುದೇ ನನಗೆ ಹೆಚ್ಚು ಹೊಂದಿಕೊಳ್ಳುವ ಚಿತ್ರ. ಆದರೆ 16 ಮೀಟರ್ ಕಲ್ಲಿನ ಮೇಲೆ ತೀರ್ಪು ಬರೆಯಲಾಗದು. ಆ ಕಲ್ಲು ತೆಗೆದ ಹಡಗು 2024ರಲ್ಲಿ ಕೆಲಸ ನಿಲ್ಲಿಸಿದೆ. ಕೊಯ್ನಾದಲ್ಲಿ ಗ್ರಾನೈಟ್ ಮುಟ್ಟುವ ತನಕ ಕೊರೆದ ದೇಶ, ತನ್ನದೇ ಕಡಲಲ್ಲೂ ಕೆಲವು ನೂರು ಮೀಟರ್ ಗಟ್ಟಿ ಕಲ್ಲು ಕೊರೆಯಲು ಹಣ ತೆಗೆದಿಡಬೇಕು.