ಎಕ್ಕ-ಗುಲಾಮ ಬಂದಿದೆ, ಹೊಡೀಲಾ?

ಕಳೆದ ಭಾನುವಾರ ರಾತ್ರಿ ಚಿಕ್ಕಮ್ಮನ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಪೋಕರ್ ಟೇಬಲ್, ಮೊದಲ ಕೈ. "ಅಣ್ಣಾ, ಎಕ್ಕ-ಗುಲಾಮ ಬಂದಿದೆ. ಆಲ್ ಇನ್ ಹೊಡೀಲಾ?"

ಗಾಬರಿಯಾಗಬೇಡಿ, ಪುಕ್ಕಟೆ ಚಿಪ್‌ನ ಆಟ. ಆನ್‌ಲೈನ್ ಹಣದಾಟ ನಿಷೇಧಿಸೋ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟ ಮೇಲೆ ಹಾಸ್ಟೆಲ್ ಹುಡುಗರು ಹೀಗೆ ಒಂಬತ್ತು ಜನ ಸೇರಿಕೊಂಡು ಆಡ್ತಾರೆ. ನಾನು ಆಡಿದ್ದು ಅದಕ್ಕೂ ಮುಂಚೆ, ದುಡ್ಡಿಟ್ಟು. ಅದಕ್ಕೇ ಪ್ರಶ್ನೆ ನನ್ನ ಹತ್ತಿರ ಬಂದಿದ್ದು.

ಗೊತ್ತಿಲ್ಲದವರಿಗೆ ಎರಡು ಮಾತು. ಸಿಟ್ ಆ್ಯಂಡ್ ಗೋ ಅಂದ್ರೆ ಒಂದೇ ಟೇಬಲ್‌ನ ಪುಟ್ಟ ಟೂರ್ನಮೆಂಟ್. ಒಂಬತ್ತು ಜನ ಕೂತ ಕೂಡಲೇ ಶುರು. ಸಾಮಾನ್ಯವಾಗಿ ಎಲ್ಲರಿಗೂ 1,500 ಚಿಪ್. ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಬಹುಮಾನ ಮೊದಲ ಮೂವರಿಗೆ ಮಾತ್ರ: 50, 30, 20 ಪರ್ಸೆಂಟ್. ಪ್ರತಿ ಕೈಯಲ್ಲೂ ಇಬ್ಬರು ಕಡ್ಡಾಯವಾಗಿ ಹಾಕಬೇಕಾದ ಪಂತಕ್ಕೆ ಬ್ಲೈಂಡ್ ಅಂತಾರೆ. ಅದು 10-20ರಿಂದ ಶುರುವಾಗಿ ಏರ್ತಾ ಹೋಗುತ್ತೆ.

ಇಲ್ಲಿ ಎಲ್ಲರೂ ಎಡವೋ ಜಾಗ ಒಂದೇ. ಚಿಪ್ ಅಂದ್ರೆ ದುಡ್ಡು ಅಂದ್ಕೋತೀವಿ. ತಲಾ 100 ರೂಪಾಯಿ ಹಾಕಿದ್ದೀವಿ, ಒಟ್ಟು 900 ಅಂತಿಟ್ಕೊಳ್ಳಿ. ಮೊದಲ ಕೈಯಲ್ಲೇ ಒಬ್ಬನನ್ನು ಮುಗಿಸಿ ಚಿಪ್ ಡಬಲ್ ಮಾಡಿಕೊಂಡ್ರೆ ನಮ್ಮ ಬೆಲೆ 200 ಆಗಬೇಕಲ್ವಾ? ಆಗಲ್ಲ. ಪೋಕರ್‌ನವರು ಬಳಸೋ ಐಸಿಎಂ ಲೆಕ್ಕದಲ್ಲಿ ಅದು ಸುಮಾರು 182. ಯಾಕಂದ್ರೆ ಕೊನೆಗೆ ಎಲ್ಲ ಚಿಪ್ ಗುಡ್ಡೆ ಹಾಕಿಕೊಂಡವನಿಗೂ ಸಿಗೋದು ಅರ್ಧ ದುಡ್ಡೇ. ಸೋತರೆ ಮಾತ್ರ ಪೂರ್ತಿ 100 ಹೋಯ್ತು. ಹಾಗಾಗಿ ಗೆಲ್ಲೋ ಅವಕಾಶ ನೂರಕ್ಕೆ 55 ಇಲ್ಲದಿದ್ದರೆ ಆ ಜೂಜು ನಷ್ಟದ್ದೇ.

ಶುರುವಿನಲ್ಲಿ, ಅದರಲ್ಲೂ ಮೊದಲು ಮಾತಾಡಬೇಕಾದ ಸೀಟಿನಲ್ಲಿದ್ದರೆ, ನಾನು ಆಡೋದು ಎಕ್ಕ, ರಾಜ, ರಾಣಿ, ಗುಲಾಮದ ಜೋಡಿ ಮತ್ತೆ ಎಕ್ಕ-ರಾಜ. ಅಷ್ಟೇ. ಸಣ್ಣ ಜೋಡಿ, ಅಂದ್ರೆ ಐದು-ಐದು ತರದ್ದು, 20 ಚಿಪ್‌ಗೆ ಸಿಕ್ಕರೆ ನೋಡಬಹುದು. ನಡುವಿನ ಮೊದಲ ಮೂರು ಎಲೆಯಲ್ಲಿ ಮೂರನೇ ಐದು ಬೀಳೋದು ನೂರಕ್ಕೆ ಸುಮಾರು 12 ಸಲ. ಬೀಳದಿದ್ರೆ ಸುಮ್ಮನೆ ಕೈಬಿಡಬೇಕು. ಕೊನೆಯಲ್ಲಿ ಮಾತಾಡೋ ಸೀಟು ಸಿಕ್ಕರೆ ಇನ್ನೊಂದಿಷ್ಟು ಕೈ ಸೇರಿಸ್ಕೋಬಹುದು.

ಎಕ್ಕ-ಗುಲಾಮ ನೋಡೋಕೆ ಚೆಂದ. ಆದ್ರೆ ಎದುರಿನವನು ಅಷ್ಟು ಬೇಗ 1,500 ಚಿಪ್ ಮುಂದಿಡ್ತಾನೆ ಅಂದ್ರೆ ಅವನ ಹತ್ತಿರ ಎಕ್ಕ-ರಾಜ ಇರುತ್ತೆ, ಇಲ್ಲಾ ದೊಡ್ಡ ಜೋಡಿ. ಎಕ್ಕ-ರಾಜದ ಎದುರು ಎಕ್ಕ-ಗುಲಾಮ ಗೆಲ್ಲೋದು ನಾಲ್ಕರಲ್ಲಿ ಒಂದು ಸಲ.

ಇದನ್ನ ನಾನು ಕಲಿತಿದ್ದು ಒಂದು ರಾತ್ರಿ ಒಂದೂವರೆಗೆ. ನಾಲ್ಕೇ ಜನ ಉಳಿದಿದ್ರು. ದೊಡ್ಡವನ ಹತ್ತಿರ 6,000 ಚಿಪ್, ನನ್ನ ಹತ್ತಿರ 4,500, ಇನ್ನೊಬ್ಬನಿಗೆ 2,700. ಪಾಪ, ನಾಲ್ಕನೆಯವನಿಗೆ 300, ಅಂದ್ರೆ ಒಂದು ಬ್ಲೈಂಡ್‌ನ ಆಯುಸ್ಸು. ಸುಮ್ಮನೆ ಕೂತಿದ್ರೆ ಬಹುಮಾನ ಹೆಚ್ಚುಕಮ್ಮಿ ಗ್ಯಾರಂಟಿ. ದೊಡ್ಡವನು ಆಲ್ ಇನ್ ಅಂದ. ನನ್ನ ಕೈಲಿ ಎಕ್ಕ-ಗುಲಾಮ. ಒತ್ತಿಬಿಟ್ಟೆ. ಅವನು ರಾಣಿ ಜೋಡಿ ತೋರಿಸಿದ. ನಾನು ನಾಲ್ಕನೇ ಸ್ಥಾನ, ಸೊನ್ನೆ ರೂಪಾಯಿ. 300 ಚಿಪ್‌ನವನು ಕೂತಲ್ಲೇ 180 ಗೆದ್ದ.

"ಛೆ" ಅಂದಿದ್ದಕ್ಕೆ ಹೆಂಡತಿಗೆ ಎಚ್ಚರ ಆಯ್ತು. "ಮತ್ತೆ ಪ್ರೊಡಕ್ಷನ್ ಇಶ್ಯೂನಾ?" ಅಂದಳು. ಹ್ಞೂಂ ಅಂದೆ. ಅವಳು ಎದ್ದು ಹೋಗಿ ನೀರು ತಂದುಕೊಟ್ಟಳು. ಸೋತಿದ್ದಕ್ಕಿಂತ ಆ ಲೋಟ ಜಾಸ್ತಿ ಚುಚ್ಚಿತು.

ಮಾರನೇ ದಿನ ಲಂಚ್ ಬ್ರೇಕ್‌ನಲ್ಲಿ ಲೆಕ್ಕ ಹಾಕಿದೆ. ಬ್ಲೈಂಡ್‌ನ ಚಿಲ್ಲರೆ ಬಿಟ್ಟರೆ, ಆ ಕೈ ಎಸೆದಿದ್ದರೆ ನನ್ನ ಬೆಲೆ ಸುಮಾರು 296 ರೂಪಾಯಿ. ಕೂಗಿ ಗೆದ್ದಿದ್ದರೆ 383. ಸೋತರೆ ಸೊನ್ನೆ. ಅಂದ್ರೆ ನೂರಕ್ಕೆ 77 ಸಲ ಗೆಲ್ಲೋ ಕೈ ಬೇಕಿತ್ತು. ಎದುರಿನವನು ತನ್ನ ಎಲೆಯನ್ನೇ ನೋಡದೆ ಆಲ್ ಇನ್ ಹೋಗಿದ್ದರೂ ಎಕ್ಕ-ಗುಲಾಮ ಗೆಲ್ಲೋದು ಸುಮಾರು 64 ಸಲ. ಕಣ್ಣು ಮುಚ್ಚಿ ಎಸೀಬೇಕಾದ ಕೈ ಅದು!

ತಮಾಷೆ ಅಂದ್ರೆ, ಅದೇ ಹೊತ್ತಲ್ಲಿ ಆಲ್ ಇನ್ ಅನ್ನೋ ಸರದಿ ನನ್ನದೇ ಆಗಿದ್ದು, ನನ್ನ ಹಿಂದೆ ಉಳಿದಿರೋದು 2,700ರವನೊಬ್ಬನೇ ಆಗಿದ್ರೆ, ರಾಜ-ಒಂಬತ್ತಕ್ಕೂ ಹೊಡೀಬಹುದಿತ್ತು. ಹೊಡೆಯೋನಿಗೆ ಎರಡು ದಾರಿ: ಬೇರೆಯವರು ಹೆದರಿ ಎಸೀಬಹುದು, ಇಲ್ಲಾ ಎಲೆಯಲ್ಲೇ ಗೆಲ್ಲಬಹುದು. ಕೂಗೋನಿಗೆ ಒಂದೇ ದಾರಿ. ಚಿಪ್ ಹತ್ತು ಬ್ಲೈಂಡ್‌ಗಿಂತ ಕಡಿಮೆಯಾದ್ರೆ ನಡುವಿನ ಆಟವೇ ಇಲ್ಲ. ಹೊಡಿ, ಇಲ್ಲಾ ಎಸಿ. ಶುರುವಿನಲ್ಲಿ ಜಿಪುಣನಾಗಿದ್ದವನು ಆಗ ಧಾರಾಳಿ ಆಗಬೇಕು. ನಾನು ಇಷ್ಟು ದಿನ ಉಲ್ಟಾ ಆಡಿದ್ದೆ.

ಆಮೇಲೆ ಸರಿಯಾಗಿ ಆಡಿದೆ. ಉಳಿದಿದ್ದೇನು? ಎಂಟ್ರಿ 110, ಅದರಲ್ಲಿ 10 ಆ್ಯಪ್‌ನವರ ಜೇಬಿಗೆ. ನಾಲ್ಕು ತಿಂಗಳ ಎಕ್ಸೆಲ್ ಶೀಟ್‌ನ ಕೊನೇ ಸಾಲಲ್ಲಿ ಮೈನಸ್ ಹೋಗಲೇ ಇಲ್ಲ, ಸಣ್ಣದಾಯ್ತು ಅಷ್ಟೇ. ಕಾಯ್ದೆ ಬರೋಕೆ ಮುಂಚೆಯೇ ಆ್ಯಪ್ ತೆಗೆದುಹಾಕಿದ್ದೆ. ಪ್ರೊಡಕ್ಷನ್ ಇಶ್ಯೂ ವಿಷಯ ಮನೆಯಲ್ಲಿ ಹೇಳಿದ್ದು ಮಾತ್ರ ಈ ಅಂಕಣ ಕಳಿಸೋ ಹಿಂದಿನ ದಿನ.

ಭಾನುವಾರದ ಹುಡುಗನಿಗೆ ಇಷ್ಟೆಲ್ಲ ಬರೆಯೋಕೆ ಆಗಲಿಲ್ಲ. "ಎಸಿ, ಆಮೇಲೆ ಹೇಳ್ತೀನಿ" ಅಂತ ಟೈಪ್ ಮಾಡಿದೆ. ಅಷ್ಟರಲ್ಲಿ ಅವನದೇ ಮೆಸೇಜ್ ಬಂತು.

"ಹೊಡ್ದೆ ಅಣ್ಣಾ! ಗೆದ್ದೆ!"